ಮಾಕ್ ಟೆಸ್ಟ್ ಬರೆದ ಮೇಲೆ ಏನು ಮಾಡಬೇಕು: ನೀಟ್, ಸಿಇಟಿ ಬರೆಯುವವರು ತಪ್ಪು ತಿದ್ದಿಕೊಳ್ಳುವ ಪೂರ್ತಿ ಕ್ರಮ

ಮೆಡಿಕಲ್ ಸೀಟಿನ ನೀಟ್, ಎಂಜಿನಿಯರಿಂಗ್ ಮುಂತಾದವುಗಳ ಸಿಇಟಿ ಹತ್ತಿರವಾಗುವ ಮಾರ್ಚ್ ಬಂತೆಂದರೆ ಕಲಬುರಗಿಯ ರೂಮುಗಳಲ್ಲಿ, ಬೀದರ್‌ನ ಹಾಸ್ಟೆಲ್‌ಗಳಲ್ಲಿ, ಯಾದಗಿರಿಯಿಂದ ದಿನಾ ರೈಲಿಗೆ ಬಂದು ಹೋಗುವ ಮಕ್ಕಳ ಬಾಯಲ್ಲಿ ಒಂದೇ ಮಾತು: "ಸರ್ರ, ಎಲ್ಲಾ ಓದೀನ್ರಿ, ಟೆಸ್ಟಿನ್ಯಾಗ ಮಾರ್ಕ್ಸ್ ಮಾತ್ರ ಅಲ್ಲೇ ನಿಂತಾವ್ರಿ." ಅವರು ಸುಳ್ಳು ಹೇಳುತ್ತಿಲ್ಲ. ಓದಿರುತ್ತಾರೆ, ವಾರಕ್ಕೊಂದು ಮಾಕ್ ಟೆಸ್ಟ್, ಅಂದರೆ ನಿಜವಾದ ಪರೀಕ್ಷೆಯ ಹಾಗೇ ನಡೆಸುವ ಅಭ್ಯಾಸ ಪರೀಕ್ಷೆ, ಬರೆದಿರುತ್ತಾರೆ, ತಪ್ಪುಗಳಿಗೆ ಅಂತ ಒಂದು ನೋಟ್‌ಬುಕ್ಕನ್ನೂ ಇಟ್ಟಿರುತ್ತಾರೆ. ಆ ನೋಟ್‌ಬುಕ್ ತೆಗೆದು ನೋಡಿದರೆ ಪುಟಗಟ್ಟಲೆ ಸರಿ ಉತ್ತರಗಳು, ಚಂದದ ಅಕ್ಷರದಲ್ಲಿ. ತಪ್ಪು ಯಾಕಾಯಿತು ಅನ್ನೋದು ಮಾತ್ರ ಒಂದು ಸಾಲೂ ಇಲ್ಲ.

ಎಡವುವುದು ಇಲ್ಲೇ. ಸರಿ ಉತ್ತರ ಬರೆದುಕೊಂಡರೆ ತಪ್ಪು ತಿದ್ದಿದಂತೆ ಆಗುವುದಿಲ್ಲ. ಆ ಕ್ಷಣದಲ್ಲಿ ನಿಮ್ಮ ತಲೆ ಯಾವ ದಾರಿ ಹಿಡಿದು ತಪ್ಪು ಉತ್ತರಕ್ಕೆ ಹೋಯಿತು ಅನ್ನೋದನ್ನು ಹಿಡಿದು, ಆ ದಾರಿಯನ್ನು ಮುಚ್ಚಬೇಕು. ಅದಕ್ಕೊಂದು ಕ್ರಮ ಇದೆ, ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಹೇಳಿದ ಸಾಲಿನಲ್ಲೇ ಮಾಡಿ.

## ಮೊದಲು ಕೈಯಲ್ಲಿ ಇರಬೇಕಾದ್ದು

200 ಪುಟದ ಒಂದು ಲಾಂಗ್ ನೋಟ್‌ಬುಕ್. ಎರಡು ಬಣ್ಣದ ಪೆನ್ನು, ಒಂದು ಪೆನ್ಸಿಲ್. ಮುಳ್ಳಿರುವ ಗಡಿಯಾರ, ಮೊಬೈಲ್ ಅಲ್ಲ. ಒಂದು ಕ್ಯಾಲೆಂಡರ್, ಅಂಗಡಿಯವರು ಕೊಟ್ಟದ್ದಾದರೂ ಸಾಕು. ಖಾಲಿ ಓಎಂಆರ್ ಹಾಳೆಯ, ಅಂದರೆ ಸಣ್ಣ ವೃತ್ತಗಳಿಗೆ ಶಾಯಿ ತುಂಬುವ ಉತ್ತರ ಹಾಳೆಯ ಜೆರಾಕ್ಸ್ ಪ್ರತಿಗಳು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋದಾಗ ಒಂದು ಕಟ್ಟು ಮಾಡಿಸಿಟ್ಟುಕೊಳ್ಳಿ, ಮತ್ತೆ ಮತ್ತೆ ಓಡಾಡುವುದು ತಪ್ಪುತ್ತದೆ. ಪ್ರತಿ ಟೆಸ್ಟಿನ ಪ್ರಶ್ನೆಪತ್ರಿಕೆ ನಿಮ್ಮ ಹತ್ತಿರವೇ ಇರಬೇಕು. ಕೋಚಿಂಗ್‌ನವರು ವಾಪಸ್ ಕೇಳಿದರೆ ಜೆರಾಕ್ಸ್ ಮಾಡಿಸಿಕೊಳ್ಳಿ. ಪ್ರಶ್ನೆಪತ್ರಿಕೆ ಇಲ್ಲದೆ ಬರೀ ಮಾರ್ಕ್ಸ್ ಹಿಡಿದುಕೊಂಡು ಮಾಡಬಹುದಾದ ಕೆಲಸ ಏನೂ ಇಲ್ಲ.

ಎನ್‌ಸಿಇಆರ್‌ಟಿ ಪುಸ್ತಕ, ಅಂದರೆ ಕೇಂದ್ರದ ಪಠ್ಯಪುಸ್ತಕ, ಹೊಸ ಆವೃತ್ತಿಯದ್ದೇ ಆಗಿರಲಿ. ಅಣ್ಣನದ್ದೋ ಅಕ್ಕನದ್ದೋ ಹಳೇ ಪುಸ್ತಕ, ಇಲ್ಲಾ ಸೆಕೆಂಡ್ ಹ್ಯಾಂಡ್ ಪುಸ್ತಕ ಇಟ್ಟುಕೊಂಡು ಓದುವವರು ನಮ್ಮ ಕಡೆ ಜಾಸ್ತಿ, ದುಡ್ಡು ಉಳಿಯುತ್ತದೆ, ಅರ್ಥವಾಗುತ್ತದೆ. ಆದರೆ 2024ರ ನೀಟ್ ಭೌತಶಾಸ್ತ್ರದಲ್ಲಿ ಪರಮಾಣುಗಳ ಬಗ್ಗೆ ಬಂದ ಒಂದು ಪ್ರಶ್ನೆಗೆ ಹಳೇ ಪುಸ್ತಕದ ವಾಕ್ಯ ನಂಬಿ ಒಂದು ಉತ್ತರ ಹಾಕಿದವರು, ಹೊಸದು ನೋಡಿ ಇನ್ನೊಂದು ಹಾಕಿದವರು ಇಬ್ಬರೂ ಇದ್ದರು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಐಐಟಿ ದೆಹಲಿಯ ತಜ್ಞರು ನೋಡಿ ಒಂದೇ ಉತ್ತರ ಸರಿ ಅಂದರು, ಹಳೇ ಪುಸ್ತಕದವರ ಅಂಕ ಹೋಯಿತು. ಹಳೇ ಪುಸ್ತಕವೇ ಗತಿ ಅನ್ನುವವರು ಗೆಳೆಯರ ಹೊಸ ಪುಸ್ತಕ ಇಟ್ಟುಕೊಂಡು ಬದಲಾದ ಜಾಗಗಳನ್ನು ಪೆನ್ಸಿಲ್‌ನಲ್ಲಿ ತಿದ್ದಿಕೊಳ್ಳಿ.

## ಹಂತ 1: ಟೆಸ್ಟ್ ಬರೆಯುವಾಗಲೇ ಗುರುತು ಹಾಕಿ

ತಪ್ಪು ಹುಡುಕುವ ಕೆಲಸ ಟೆಸ್ಟ್ ಮುಗಿದ ಮೇಲೆ ಶುರುವಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಟೆಸ್ಟ್ ಬರೆಯುವಾಗ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಒಂದು ಸಣ್ಣ ಗುರುತು ಬೇಕು, ಅದಕ್ಕೆ ಒಂದು ಕ್ಷಣವೂ ಹಿಡಿಯುವುದಿಲ್ಲ.

ಗ್ಯಾರಂಟಿ ಗೊತ್ತಿದ್ದು ಹಾಕಿದ್ದಕ್ಕೆ ಏನೂ ಬೇಡ. ಎರಡು ಆಯ್ಕೆಗಳ ನಡುವೆ ಒದ್ದಾಡಿ ಒಂದನ್ನು ಹಾಕಿದ್ದರೆ ಒಂದು ಚುಕ್ಕೆ. ಸುಮ್ನೆ ಅಂದಾಜಿಗೆ ಹಾಕಿದ್ದರೆ ಒಂದು ಸೊನ್ನೆ. ಬಿಟ್ಟಿದ್ದರೆ ಒಂದು ಅಡ್ಡಗೆರೆ.

ಇದು ಯಾಕೆ ಬೇಕು ಅಂದರೆ, ಅಂದಾಜಿಗೆ ಹಾಕಿ ಸರಿಯಾದ ಪ್ರಶ್ನೆ ಕೂಡ ನಿಮ್ಮ ತಪ್ಪೇ. ಕೀ (ಸರಿ ಉತ್ತರಗಳ ಪಟ್ಟಿ) ನೋಡುವಾಗ ಅದು ಹಸಿರು ಟಿಕ್ ಪಡೆದು ಸರಿ ಉತ್ತರಗಳ ಜೊತೆ ಸೇರಿಕೊಂಡುಬಿಡುತ್ತದೆ, ಆಮೇಲೆ ಯಾರೂ ಅದರ ಕಡೆ ನೋಡುವುದಿಲ್ಲ, ಅದೇ ಪ್ರಶ್ನೆ ಸ್ವಲ್ಪ ವೇಷ ಬದಲಿಸಿ ಪರೀಕ್ಷೆಯಲ್ಲಿ ಬಂದಾಗ ಕೈಕೊಡುತ್ತದೆ. ಮನೆಗೆ ಹೋದ ಮೇಲೆ ಯಾವುದನ್ನು ಅಂದಾಜಿಗೆ ಹಾಕಿದ್ದೆ ಅಂತ ನೆನಪು ಮಾಡಿಕೊಳ್ಳಲು ಹೋದರೆ ಮನಸ್ಸು ಮೋಸ ಮಾಡುತ್ತದೆ. ಸರಿಯಾದದ್ದೆಲ್ಲ "ನನಗೆ ಗೊತ್ತಿತ್ತು" ಅನ್ನಿಸುತ್ತದೆ.

ಸಮಯವನ್ನೂ ಗುರುತು ಹಾಕಿ. ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ಪ್ರತಿ 45 ಪ್ರಶ್ನೆ ಮುಗಿದಾಗ ಗಡಿಯಾರ ನೋಡಿ ಮಾರ್ಜಿನ್‌ನಲ್ಲಿ ಗಂಟೆ ಬರೆಯಿರಿ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಲ್ಲಿ ಪ್ರತಿ 20 ಪ್ರಶ್ನೆಗೆ ಬರೆಯಿರಿ.

ಇನ್ನೊಂದು. 2021ರಿಂದ 2024ರ ವರೆಗಿನ ನೀಟ್ ಪತ್ರಿಕೆಗಳಲ್ಲಿ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರ ಕೇಳುತ್ತಿದ್ದರು. 2025ರಿಂದ ಆ ಆಯ್ಕೆ ಇಲ್ಲ. ಹಳೇ ಪತ್ರಿಕೆ ಬಿಡಿಸುವಾಗ ಪ್ರತಿ ವಿಷಯದಲ್ಲೂ ಕಷ್ಟದ್ದನ್ನು ಬಿಟ್ಟು ಸುಲಭದ್ದನ್ನು ಆರಿಸಿಕೊಂಡರೆ ಬರುವ ಮಾರ್ಕ್ಸ್ ನಿಮ್ಮದಲ್ಲ.

## ಹಂತ 2: ಕೀ ನೋಡುವ ಮೊದಲು ಇನ್ನೊಂದು ಸುತ್ತು

ಎಲ್ಲರೂ ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಇಡೀ ಕ್ರಮದಲ್ಲಿ ಇದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ.

ಟೆಸ್ಟ್ ಮುಗಿದ ದಿನ ಸಂಜೆ, ಇಲ್ಲವೇ ಮರುದಿನ ಬೆಳಿಗ್ಗೆ, ಕೀ ಮುಚ್ಚಿಟ್ಟು ಚುಕ್ಕೆ, ಸೊನ್ನೆ, ಅಡ್ಡಗೆರೆ ಇರುವ ಪ್ರಶ್ನೆಗಳನ್ನೆಲ್ಲ ಮತ್ತೆ ಬಿಡಿಸಿ. ಗಡಿಯಾರ ಬೇಡ. ಪುಸ್ತಕವೂ ಬೇಡ. ಪೆನ್ಸಿಲ್‌ನಲ್ಲಿ ಹೊಸ ಉತ್ತರ ಬರೆಯಿರಿ, ಹಳೆಯದನ್ನು ಅಳಿಸಬೇಡಿ.

ಈಗ ಎರಡು ಗುಂಪು ತಾವಾಗಿಯೇ ಬೇರೆಯಾಗುತ್ತವೆ. ಆರಾಮಾಗಿ ಕೂತಾಗ ಬಂದದ್ದು ಹಾಲ್‌ನಲ್ಲಿ ಬರಲಿಲ್ಲ ಅಂದರೆ ನಿಮಗೆ ಪಾಠ ಗೊತ್ತಿದೆ, ಗಡಿಬಿಡಿಯೋ ಸಮಯವೋ ಕೆಡಿಸಿದೆ. ಆರಾಮಾಗಿ ಕೂತರೂ ಬರಲಿಲ್ಲ ಅಂದರೆ ಪಾಠವೇ ಗೊತ್ತಿಲ್ಲ. ಮೊದಲನೆಯದಕ್ಕೆ ಇನ್ನೊಂದು ಸಲ ಚಾಪ್ಟರ್ ಓದಿ ಪ್ರಯೋಜನ ಇಲ್ಲ, ಎರಡನೆಯದಕ್ಕೆ ಇನ್ನೊಂದು ಟೆಸ್ಟ್ ಬರೆದು ಪ್ರಯೋಜನ ಇಲ್ಲ. ಕೀ ಒಮ್ಮೆ ನೋಡಿಬಿಟ್ಟರೆ ಈ ಎರಡನ್ನೂ ಬೇರೆ ಮಾಡುವ ಅವಕಾಶ ಹೋಯಿತು, ಯಾಕೆಂದರೆ ಉತ್ತರ ಕಂಡ ಮೇಲೆ ಎಲ್ಲವೂ ಸುಲಭವಾಗಿಯೇ ಕಾಣುತ್ತದೆ.

ಟೆಸ್ಟ್ ಮುಗಿದ ಕೂಡಲೇ ಗೇಟಿನ ಹತ್ತಿರ ನಿಂತು "ನಿಂದು ಯಾವುದು ಬಂತು, ನಂದು ಯಾವುದು ಬಂತು" ಅಂತ ಹೋಲಿಸುತ್ತಾ ನಿಲ್ಲುವುದೂ ಇದೇ ಕಾರಣಕ್ಕೆ ಬೇಡ. ಅರ್ಧ ಉತ್ತರ ಅಲ್ಲೇ ತಿಳಿದುಹೋಗುತ್ತದೆ.

## ಹಂತ 3: ಕೀ ಹಾಕಿ, ಆದರೆ ಕೀಯನ್ನೂ ಅನುಮಾನಿಸಿ

ಈಗ ಕೀ ತೆಗೆಯಿರಿ. ಮೊದಲ ಉತ್ತರವನ್ನೂ ಎರಡನೇ ಸುತ್ತಿನ ಪೆನ್ಸಿಲ್ ಉತ್ತರವನ್ನೂ ಬೇರೆ ಬೇರೆ ಎಣಿಸಿ. ಎರಡರ ನಡುವಿನ ಅಂತರ ದೊಡ್ಡದಿದ್ದರೆ ಮುಂದಿನ ವಾರ ನೀವು ಹೊಸದಾಗಿ ಓದುವುದಕ್ಕಿಂತ ಟೆಸ್ಟ್ ಬರೆಯುವ ಕ್ರಮ ಸರಿಮಾಡಿಕೊಳ್ಳಬೇಕು ಅಂತ ಅರ್ಥ.

ಚುಕ್ಕೆ ಹಾಕಿದ್ದೆಷ್ಟು, ಅದರಲ್ಲಿ ಸರಿ ಎಷ್ಟು. ಸೊನ್ನೆ ಹಾಕಿದ್ದೆಷ್ಟು, ಅದರಲ್ಲಿ ಸರಿ ಎಷ್ಟು, ಇದನ್ನೂ ಬರೆದಿಡಿ. ಹಂತ 8ರಲ್ಲಿ ಬೇಕು.

ಕೋಚಿಂಗ್ ಟೆಸ್ಟ್‌ಗಳ ಕೀಯಲ್ಲಿ, ಗೈಡ್‌ಗಳಲ್ಲಿ ತಪ್ಪು ಇರುವುದು ಅಪರೂಪವೇನಲ್ಲ. ನಿಮ್ಮ ಉತ್ತರ ಸರಿ ಅಂತ ಗಟ್ಟಿಯಾಗಿ ಅನ್ನಿಸಿದರೆ ಎನ್‌ಸಿಇಆರ್‌ಟಿ ಸಾಲು ಹುಡುಕಿ ತೆಗೆದು ಮೇಷ್ಟ್ರಿಗೆ ತೋರಿಸಿ. ತಪ್ಪು ಕೀಯನ್ನು ನಂಬಿ ಸರಿ ತಿಳಿದಿದ್ದನ್ನು ಬದಲಿಸಿಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಪಠ್ಯದಲ್ಲೇ ಇಲ್ಲದ ಪ್ರಶ್ನೆಗಳನ್ನು ತಪ್ಪುಗಳ ಲೆಕ್ಕದಿಂದ ತೆಗೆದುಬಿಡಿ. 2024ರ ಸಿಇಟಿಯಲ್ಲಿ ಸಿಲಬಸ್ ಹೊರಗಿನ ಪ್ರಶ್ನೆಗಳು ಬಂದು ಗಲಾಟೆಯಾಗಿ, ಕೊನೆಗೆ ನಾಲ್ಕೂ ವಿಷಯ ಸೇರಿ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು. ಆ ಪತ್ರಿಕೆ ಬಿಡಿಸಿ "ಇಷ್ಟೊಂದು ತಪ್ಪಾಯ್ತು" ಅಂತ ಎದೆಗುಂದುವುದು ಬೇಡ. ನೀಟ್ ಸಿಲಬಸ್‌ನಿಂದಲೂ 2024ರ ಪರೀಕ್ಷೆಗೆ ಹಲವು ಭಾಗ ತೆಗೆದಿದ್ದಾರೆ. ಅದಕ್ಕಿಂತ ಹಳೇ ಪತ್ರಿಕೆಗಳನ್ನು ಬಿಡಿಸುವಾಗ ಈಗಿನ ಸಿಲಬಸ್ ಹಾಳೆ ಪಕ್ಕದಲ್ಲಿರಲಿ.

## ಹಂತ 4: ತಪ್ಪು ಯಾವ ಬಗೆಯದು ಅಂತ ಹಿಡಿಯಿರಿ

"ಸಿಲ್ಲಿ ಮಿಸ್ಟೇಕ್" ಅನ್ನುವ ಮಾತನ್ನು ಇವತ್ತಿನಿಂದ ನಿಲ್ಲಿಸಿ. ಹಾಗಂದ ಕೂಡಲೇ ವಿಚಾರ ಮುಗಿದುಹೋಗುತ್ತದೆ, ಕಾರಣ ಹುಡುಕುವ ಕೆಲಸ ನಿಂತುಹೋಗುತ್ತದೆ.

ಒಂದು ಪ್ರಶ್ನೆ ಇಟ್ಟುಕೊಂಡು ನೋಡೋಣ. ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಬ್ರೇಕ್ ಹಾಕಿದ ಮೇಲೆ 40 ಮೀಟರ್ ಹೋಗಿ ನಿಲ್ಲುತ್ತದೆ. ವೇಗ ಕಡಿಮೆಯಾದ ದರ ಎಷ್ಟು? ಆಯ್ಕೆಗಳು 5, 10, 2.5, 64.8. ಸರಿ ಉತ್ತರ 5. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್. ಅದರ ವರ್ಗ 400. ಅದನ್ನು ದೂರದ ಎರಡರಷ್ಟರಿಂದ, ಅಂದರೆ 80ರಿಂದ ಭಾಗಿಸಿದರೆ 5.

ಮೂವರು ಇದನ್ನು ತಪ್ಪು ಮಾಡಿದರು ಅಂದುಕೊಳ್ಳಿ. ಒಬ್ಬಳು 64.8 ಹಾಕಿದ್ದಾಳೆ. ಅವಳಿಗೆ ಸೂತ್ರ ಗೊತ್ತು, 72ನ್ನು ಮೀಟರ್‌ಗೆ ಬದಲಿಸದೆ ಹಾಗೇ ವರ್ಗ ಮಾಡಿ 5184 ತಗೊಂಡು 80ರಿಂದ ಭಾಗಿಸಿದ್ದಾಳೆ. ಇನ್ನೊಬ್ಬ 10 ಹಾಕಿದ್ದಾನೆ. ಅವನು ಯೂನಿಟ್ ಬದಲಿಸಿದ್ದಾನೆ, ಸೂತ್ರದಲ್ಲಿರುವ 2 ಅನ್ನೋ ಸಂಖ್ಯೆ ಮರೆತಿದ್ದಾನೆ. ಮೂರನೆಯವನು 2.5ಕ್ಕೆ ಸೊನ್ನೆ ಗುರುತಿನೊಂದಿಗೆ ಶಾಯಿ ತುಂಬಿದ್ದಾನೆ. ಅವನಿಗೆ ಸೂತ್ರವೇ ಹೊಳೆದಿಲ್ಲ. ಮೂವರಿಗೂ ಹೋದದ್ದು ಒಂದೇ ಪ್ರಶ್ನೆ, ಔಷಧ ಮಾತ್ರ ಬೇರೆ ಬೇರೆ. ಮೂವರೂ "ಚಲನೆ ಚಾಪ್ಟರ್ ಮತ್ತೆ ಓದಬೇಕು" ಅಂತ ಬರೆದುಕೊಂಡರೆ ಮೊದಲಿನವಳ ಇಡೀ ಸಂಜೆ ವ್ಯರ್ಥ.

ಪ್ರಶ್ನೆ ತಯಾರಿಸುವವರು ತಪ್ಪು ಆಯ್ಕೆಗಳನ್ನು ಸುಮ್ಮನೆ ಹಾಕುವುದಿಲ್ಲ. ಮಕ್ಕಳು ಎಲ್ಲಿ ಜಾರುತ್ತಾರೆ ಅಂತ ಗೊತ್ತಿದ್ದೇ ಆ ಸಂಖ್ಯೆಗಳನ್ನು ಇಡುತ್ತಾರೆ. ಹಾಗಾಗಿ ನೀವು ಹಾಕಿದ ತಪ್ಪು ಆಯ್ಕೆಯೇ ನಿಮಗೆ ಕಾರಣ ಹೇಳುತ್ತದೆ. ಸರಿ ಉತ್ತರ ಯಾವುದು ಅಂತ ನೋಡುವ ಮೊದಲು, "ನಾನು ಹಾಕಿದ ಉತ್ತರ ಎಲ್ಲಿಂದ ಬಂತು" ಅಂತ ಕೇಳಿಕೊಳ್ಳಿ.

ನನ್ನ ಅನುಭವದಲ್ಲಿ ಐದು ಬಗೆ ಸಾಕು, ಪ್ರತಿಯೊಂದಕ್ಕೂ ಒಂದಕ್ಷರ ಇಟ್ಟುಕೊಳ್ಳಿ:

ಗೊ: ಗೊತ್ತೇ ಇರಲಿಲ್ಲ.
ಅ: ಅರ್ಧ ಗೊತ್ತಿತ್ತು, ಎರಡು ವಿಷಯ ಕಲಸಿಹೋಯಿತು.
ಓ: ಪ್ರಶ್ನೆ ಓದುವಲ್ಲಿ ತಪ್ಪಾಯಿತು.
ಲೆ: ಲೆಕ್ಕದಲ್ಲಿ, ಯೂನಿಟ್‌ನಲ್ಲಿ, ಚಿಹ್ನೆಯಲ್ಲಿ ತಪ್ಪಾಯಿತು.
ಸ: ಸಮಯ ಸಾಲಲಿಲ್ಲ, ಇಲ್ಲವೇ ಓಎಂಆರ್‌ನಲ್ಲಿ ಬೇರೆ ಸಾಲಿಗೆ ಶಾಯಿ ತುಂಬಿದೆ.

ಇದರಲ್ಲಿ "ಅ" ಎಲ್ಲಕ್ಕಿಂತ ಅಪಾಯದ್ದು. ಗೊತ್ತಿಲ್ಲದ್ದು ಗೊತ್ತಿಲ್ಲ ಅಂತಲಾದರೂ ಗೊತ್ತಿರುತ್ತದೆ. ಅರ್ಧ ಗೊತ್ತಿರುವುದನ್ನು ಧೈರ್ಯದಿಂದ ಹಾಕಿ ಬರುತ್ತೇವೆ. ಯಾವ ಗುರುತೂ ಹಾಕದೆ, ಗ್ಯಾರಂಟಿ ಅಂದುಕೊಂಡು ಹಾಕಿದ ಉತ್ತರ ತಪ್ಪಾಗಿದ್ದರೆ ಅದನ್ನು ಕೆಂಪು ಪೆನ್ನಿನಲ್ಲಿ ಸುತ್ತಿ. ವಾರದ ಕೆಲಸ ಅಲ್ಲಿಂದಲೇ ಶುರುವಾಗಲಿ.

## ಹಂತ 5: ನೋಟ್‌ಬುಕ್‌ನಲ್ಲಿ ಬರೆಯುವ ಕ್ರಮ

ಪೂರ್ತಿ ಪರಿಹಾರ ಬರೆಯಬೇಡಿ. ಅದು ಗೈಡ್‌ನಲ್ಲೇ ಇದೆ. ಒಂದು ತಪ್ಪಿಗೆ ಐದು ಸಾಲಿಗಿಂತ ಜಾಸ್ತಿ ಬೇಡ. ಒಂದು ನಮೂನೆ:

ಪ್ರಶ್ನೆ: ಆಕ್ಸಿಟೋಸಿನ್ ಎಲ್ಲಿ ತಯಾರಾಗುತ್ತದೆ? (ಅ)
ನಾನು ಹಾಕಿದ್ದು: ಪಿಟ್ಯುಟರಿಯ ಹಿಂಭಾಗ.
ಯಾಕೆ ಹಾಕಿದೆ: ಪುಸ್ತಕದಲ್ಲಿ ಪಿಟ್ಯುಟರಿ ಪ್ಯಾರಾದಲ್ಲೇ ಅದರ ಹೆಸರು ಓದಿದ ನೆನಪು.
ಎಲ್ಲಿ ಜಾರಿದೆ: ತಯಾರಾಗುವುದು ಹೈಪೋಥಲಾಮಸ್‌ನಲ್ಲಿ. ಅಲ್ಲಿಂದ ನರತಂತುಗಳ ಮೂಲಕ ಪಿಟ್ಯುಟರಿಯ ಹಿಂಭಾಗಕ್ಕೆ ಬಂದು, ಅಲ್ಲಿಂದ ರಕ್ತಕ್ಕೆ ಬಿಡುಗಡೆ. ವ್ಯಾಸೊಪ್ರೆಸ್ಸಿನ್ ಕೂಡ ಹೀಗೇ.
ಮುಂದಿನ ಸಲ: ಹಾರ್ಮೋನು ಪ್ರಶ್ನೆಯಲ್ಲಿ ಕೇಳಿದ್ದು ತಯಾರಿನಾ, ಬಿಡುಗಡೆನಾ ಅಂತ ಮೊದಲು ಗೆರೆ ಎಳಿ.

ಮೂರನೇ ಸಾಲು ಬರೆಯಲು ಬೇಜಾರಾಗುತ್ತದೆ. "ಗೊತ್ತಿಲ್ಲ, ಹಂಗೇ ಹಾಕಿದೆ" ಅಂತ ಬರೆದು ಮುಗಿಸೋಣ ಅನ್ನಿಸುತ್ತದೆ. ಬೇಡ, ಒಂದು ನಿಮಿಷ ಕೂತು ನೆನಪಿಸಿಕೊಳ್ಳಿ. ಟೆಸ್ಟ್ ಮುಗಿದು ಒಂದು ದಿನದ ಒಳಗೆ ಕೂತರೆ ನೆನಪಾಗುತ್ತದೆ. ನಾಲ್ಕು ದಿನ ಬಿಟ್ಟು ಕೂತರೆ ಆಗುವುದಿಲ್ಲ, ಆಗ ಬರೆಯುವುದೆಲ್ಲ ಕಥೆ ಕಟ್ಟಿದಂತೆ. ಮೂರು ಗಂಟೆಯ ಟೆಸ್ಟ್‌ಗೆ ಕಡಿಮೆ ಅಂದರೂ ಮೂರು ಗಂಟೆ ಇದಕ್ಕೆ ಮೀಸಲಿಡಿ. ಅಷ್ಟು ಹೊತ್ತು ಸಿಗುವುದಿಲ್ಲ ಅಂದರೆ ಟೆಸ್ಟ್‌ಗಳ ಸಂಖ್ಯೆ ಇಳಿಸಿ. ಈ ಮಾತಿಗೆ ಮಕ್ಕಳೂ ಒಪ್ಪುವುದಿಲ್ಲ, ಅಪ್ಪ-ಅವ್ವನೂ ಒಪ್ಪುವುದಿಲ್ಲ, ಟೆಸ್ಟ್ ಜಾಸ್ತಿ ಬರೆದಷ್ಟೂ ಮಾರ್ಕ್ಸ್ ಏರುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ತಿದ್ದದೆ ಬರೆದ ಟೆಸ್ಟ್ ಅದೇ ತಪ್ಪನ್ನು ಇನ್ನೂ ಗಟ್ಟಿಯಾಗಿ ರೂಢಿ ಮಾಡಿಸುತ್ತದೆ.

ವಿಷಯವಾರು ಬೇರೆ ಬೇರೆ ನೋಟ್‌ಬುಕ್ ಬೇಕಿಲ್ಲ. ಒಂದೇ ಇರಲಿ, ದಿನಾಂಕದ ಪ್ರಕಾರ. ಬಣ್ಣದ ಹೈಲೈಟರ್, ಡಿಸೈನ್, ಬಾರ್ಡರ್ ಯಾವುದೂ ಬೇಡ.

## ಹಂತ 6: ಪ್ರತಿ ಬಗೆಗೂ ಬೇರೆ ರಿಪೇರಿ

ಗೊತ್ತಿಲ್ಲದ್ದಕ್ಕೆ ಓದುವುದೇ ದಾರಿ. ಇಡೀ ಚಾಪ್ಟರ್ ಅಲ್ಲ, ಆ ವಿಷಯದ ಎರಡು-ಮೂರು ಪುಟ, ಆಮೇಲೆ ಅದೇ ವಿಷಯದ ಬೇರೆ ನಾಲ್ಕೈದು ಪ್ರಶ್ನೆ.

ಕಲಸಿಹೋದದ್ದಕ್ಕೆ ಎರಡನ್ನೂ ಪಕ್ಕಪಕ್ಕ ಬರೆಯಬೇಕು. ಮೊಲಾರಿಟಿ ಅಂದರೆ ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್. ಮೊಲಾಲಿಟಿ ಅಂದರೆ ಒಂದು ಕೆಜಿ ದ್ರಾವಕಕ್ಕೆ ಎಷ್ಟು ಮೋಲ್. ಬಿಸಿ ಮಾಡಿದರೆ ದ್ರಾವಣ ಹಿಗ್ಗುತ್ತದೆ, ಹಾಗಾಗಿ ಮೊದಲನೆಯದು ಬದಲಾಗುತ್ತದೆ, ತೂಕ ಬದಲಾಗದ ಕಾರಣ ಎರಡನೆಯದು ಬದಲಾಗುವುದಿಲ್ಲ. ಹೀಗೆ ವ್ಯತ್ಯಾಸದ ಕಾರಣ ಗೊತ್ತಾದರೆ ಬಾಯಿಪಾಠ ಮಾಡುವ ಕಷ್ಟ ಇಲ್ಲ.

ಓದುವಲ್ಲಿ ಆಗುವ ತಪ್ಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಜಿಲ್ಲೆಗಳಲ್ಲಿ ಇದೇ ದೊಡ್ಡ ಗಾಯ. ಹತ್ತನೇ ತರಗತಿವರೆಗೆ ಆಳಂದದಲ್ಲೋ ಸುರಪುರದಲ್ಲೋ ಔರಾದದಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಸೈನ್ಸ್‌ಗೆ ಬಂದ ಕೂಡಲೇ ಎಲ್ಲಾ ಇಂಗ್ಲಿಷ್. ವಿಜ್ಞಾನ ಅರ್ಥವಾಗಿರುತ್ತದೆ, ಪ್ರಶ್ನೆಯ ಭಾಷೆ ಕೈಕೊಡುತ್ತದೆ. ಜೀವಶಾಸ್ತ್ರದಲ್ಲಿ "ನಾಟ್", "ಇನ್‌ಕರೆಕ್ಟ್", "ಎಕ್ಸೆಪ್ಟ್" ಅಂತ ಇದ್ದದ್ದು ಕಣ್ಣಿಗೆ ಬೀಳದೆ, ಮೊದಲ ಆಯ್ಕೆಯೇ ಸರಿಯಾದ ವಾಕ್ಯ ಅಂತ ಕಂಡು ಅದಕ್ಕೇ ಶಾಯಿ ತುಂಬಿಬಿಡುತ್ತಾರೆ. "ರೆಸ್ಪೆಕ್ಟಿವ್ಲಿ" ಅಂತ ಇದ್ದರೆ ಕೇಳಿದ ಸಾಲಿನಲ್ಲೇ ಉತ್ತರವೂ ಬರಬೇಕು ಅನ್ನೋದು ತಪ್ಪುತ್ತದೆ. ಇದಕ್ಕೆ ಮಾಡಬೇಕಾದ್ದು ಇಷ್ಟು. ಇಂಥ ಮಾತುಗಳ ಪಟ್ಟಿ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಬರೆದಿಡಿ. ಪ್ರತಿ ಟೆಸ್ಟಿನಲ್ಲಿ ಅವು ಕಂಡ ಕೂಡಲೇ ಪ್ರಶ್ನೆಪತ್ರಿಕೆಯಲ್ಲೇ ಪೆನ್ನಿನಿಂದ ಸುತ್ತಿ. ತಪ್ಪು ವಾಕ್ಯ ಹುಡುಕುವ ಪ್ರಶ್ನೆಯಲ್ಲಿ ನಾಲ್ಕೂ ಆಯ್ಕೆಗಳ ಪಕ್ಕ ಸರಿ, ತಪ್ಪು ಅಂತ ಗುರುತು ಹಾಕಿ, ಆಮೇಲೆ ಓಎಂಆರ್ ಮುಟ್ಟಿ.

ನೀಟ್ ಅರ್ಜಿ ತುಂಬುವಾಗ ಕನ್ನಡ ಆರಿಸಿಕೊಂಡರೆ ಕನ್ನಡ, ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲ ಇದ್ದರೆ ಇಂಗ್ಲಿಷ್‌ನದ್ದೇ ಅಂತಿಮ. ಆರಿಸಿಕೊಳ್ಳುವುದು ಬಿಡುವುದು ನಿಮ್ಮ ತಪ್ಪುಗಳ ಲೆಕ್ಕ ನೋಡಿ ತೀರ್ಮಾನಿಸಿ. "ಓ" ಜಾಸ್ತಿ ಇದ್ದರೆ ಎರಡೂ ಭಾಷೆಯ ಪತ್ರಿಕೆಯಿಂದ ಲಾಭ ಇದೆ. ಆದರೆ ಮಾಕ್ ಟೆಸ್ಟ್ ಬರೀ ಇಂಗ್ಲಿಷ್‌ನಲ್ಲಿ ಬರೆದು, ಪರೀಕ್ಷೆಯ ದಿನ ಮೊದಲ ಸಲ ಕನ್ನಡದ ವೈಜ್ಞಾನಿಕ ಪದ ನೋಡಿದರೆ ತಬ್ಬಿಬ್ಬಾಗುತ್ತೀರಿ. ಹಳೇ ನೀಟ್ ಕನ್ನಡ ಪತ್ರಿಕೆಗಳನ್ನು ಮೊದಲೇ ತೆಗೆದುಕೊಂಡು ಓದಿ ನೋಡಿ.

ಲೆಕ್ಕದ ತಪ್ಪಿಗೆ "ಇನ್ನು ಹುಷಾರಾಗಿರ್ತೀನಿ" ಅನ್ನುವುದು ಉಪಾಯ ಅಲ್ಲ. ಕೈಗೆ ಒಂದು ಅಭ್ಯಾಸ ಕೊಡಬೇಕು. ಕೊಟ್ಟ ಸಂಖ್ಯೆಗಳನ್ನು ಬರೆದುಕೊಳ್ಳುವಾಗಲೇ ಯೂನಿಟ್ ಬದಲಿಸಿ ಬರೆಯಿರಿ. ರಫ್ ವರ್ಕನ್ನು ಮೂಲೆಗೊಂದು ಗೀಚದೆ ಪ್ರಶ್ನೆ ಸಂಖ್ಯೆ ಹಾಕಿ ಮೇಲಿಂದ ಕೆಳಗೆ ಬರೆಯಿರಿ. ಉತ್ತರ ಬಂದ ಮೇಲೆ ಇದು ಆಗುವ ಮಾತಾ ಅಂತ ಒಮ್ಮೆ ನೋಡಿ. ಗುರುತ್ವದ ವೇಗೋತ್ಕರ್ಷ ಸುಮಾರು 10 ಇರುವಾಗ ಕಾರಿನ ಬ್ರೇಕಿಗೆ 64.8 ಬರುತ್ತದಾ?

ಓಎಂಆರ್ ತಪ್ಪಿಗೆ ಪ್ರತಿ ಟೆಸ್ಟನ್ನೂ ಓಎಂಆರ್ ಹಾಳೆ ಮೇಲೆ, ಬಾಲ್ ಪೆನ್ನಿನಲ್ಲೇ ಬರೆಯಿರಿ. ಪೂರ್ತಿ ಪತ್ರಿಕೆ ಬಿಡಿಸಿ ಕೊನೆಗೆ ಒಮ್ಮೆಲೇ ತುಂಬುವುದು ಬೇಡ. ಒಂದು ಪುಟ ಮುಗಿದ ಕೂಡಲೇ ಆ ಪುಟದ್ದು ತುಂಬಿ, ಪ್ರಶ್ನೆ ಬಿಟ್ಟಾಗ ಆ ಸಂಖ್ಯೆಯ ಮೇಲೆ ಬೆರಳಿಟ್ಟು ನೋಡಿ ಮುಂದೆ ಹೋಗಿ.

## ಹಂತ 7: ಅದೇ ಪ್ರಶ್ನೆಯನ್ನು ದಿನ ಬಿಟ್ಟು ಮತ್ತೆ ಬಿಡಿಸಿ

ನೋಟ್‌ಬುಕ್ ಓದುವುದು ರಿವಿಷನ್ ಅಲ್ಲ. ಓದಿದಾಗ ಎಲ್ಲಾ ಗೊತ್ತಿರುವಂತೆಯೇ ಅನ್ನಿಸುತ್ತದೆ. ಪ್ರಶ್ನೆ ಮಾತ್ರ ಕಾಣುವಂತೆ ಕೆಳಗಿನ ಸಾಲುಗಳನ್ನು ಹಾಳೆಯಿಂದ ಮುಚ್ಚಿ ಹೊಸದಾಗಿ ಬಿಡಿಸಬೇಕು. ಮೊದಲು 3 ದಿನಕ್ಕೆ, ಆಮೇಲೆ 10 ದಿನಕ್ಕೆ, ಆಮೇಲೆ ಒಂದು ತಿಂಗಳಿಗೆ. ಕ್ಯಾಲೆಂಡರ್ ಬೇಕು ಅಂದದ್ದು ಇದಕ್ಕೇ. ಟೆಸ್ಟ್ ಬರೆದ ದಿನವೇ ಈ ಮೂರೂ ತಾರೀಖಿನ ಮೇಲೆ ಪುಟ ಸಂಖ್ಯೆ ಬರೆದುಬಿಡಿ.

ಸರಿಯಾದರೆ ಒಂದು ಟಿಕ್, ತಪ್ಪಾದರೆ ದಿನಗಳ ಲೆಕ್ಕ ಮೊದಲಿನಿಂದ. ಬರೀ ಉತ್ತರ ನೆನಪಿದ್ದು ಸರಿಯಾದರೆ ಟಿಕ್ ಹಾಕಬೇಡಿ. ಉಳಿದ ಮೂರು ಆಯ್ಕೆ ಯಾಕೆ ತಪ್ಪು ಅಂತ ಬಾಯಿಬಿಟ್ಟು ಹೇಳಲು ಬಂದರೆ ಮಾತ್ರ ಟಿಕ್. ರೂಮ್‌ಮೇಟ್ ಇದ್ದರೆ ಅವರಿಗೇ ಹೇಳಿ, ಅವರು ನಡುವೆ ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೆಯದು. ಮೂರು ಟಿಕ್ ಬಿದ್ದ ಮೇಲೆ ಅದನ್ನು ಹೊಡೆದುಹಾಕಿ. ಹೊಡೆದುಹಾಕದೇ ಹೋದರೆ ನೋಟ್‌ಬುಕ್ ಬೆಳೆಯುತ್ತಾ ಹೋಗಿ, ತೆರೆಯಲೇ ಹೆದರಿಕೆಯಾಗುತ್ತದೆ.

## ಹಂತ 8: ಮುಂದಿನ ಟೆಸ್ಟ್‌ಗೆ ಒಂದೇ ನಿಯಮ ಹೊತ್ತುಕೊಂಡು ಹೋಗಿ

ಹತ್ತು ನಿರ್ಧಾರ ಮಾಡಿದರೆ ಹಾಲ್‌ನಲ್ಲಿ ಒಂದೂ ನೆನಪಿರುವುದಿಲ್ಲ. ಈ ವಾರ ಯಾವ ಬಗೆಯ ತಪ್ಪಿನಿಂದ ಜಾಸ್ತಿ ಅಂಕ ಹೋಯಿತೋ ಅದಕ್ಕೆ ಸಂಬಂಧಿಸಿದ ಒಂದೇ ನಿಯಮ ಆರಿಸಿ, ರಫ್ ಪುಟದ ತುದಿಗೆ ಬರೆದು ಟೆಸ್ಟ್ ಶುರುಮಾಡಿ. "ಇನ್‌ಕರೆಕ್ಟ್ ಸುತ್ತು" ಅಂತ ಎರಡೇ ಪದ ಸಾಕು.

ಅಂದಾಜಿನ ಲೆಕ್ಕಕ್ಕೆ ಬರೋಣ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ. ಅಂದರೆ ಐದು ಅಂದಾಜಿನಲ್ಲಿ ಒಂದು ಸರಿಯಾದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಈಗ ಹಂತ 3ರಲ್ಲಿ ಬರೆದಿಟ್ಟ ಲೆಕ್ಕ ತೆಗೆಯಿರಿ. ಚುಕ್ಕೆ ಹಾಕಿದ 20ರಲ್ಲಿ 8 ಸರಿಯಾಗಿದ್ದರೆ 32 ಬಂತು, 12 ಹೋಯಿತು, ಕೈಯಲ್ಲಿ 20 ಉಳಿಯಿತು. ಹಾಗಿದ್ದರೆ ಎರಡು ಆಯ್ಕೆ ತೆಗೆದುಹಾಕಿದ ಮೇಲೆ ಹೆದರದೆ ಹಾಕಿ. ಸೊನ್ನೆ ಹಾಕಿದ 20ರಲ್ಲಿ 3 ಮಾತ್ರ ಸರಿಯಾಗಿದ್ದರೆ 12 ಬಂದು 17 ಹೋಯಿತು, 5 ಅಂಕ ಸುಮ್ನೆ ಕೊಟ್ಟು ಬಂದಿರಿ. ಇದು ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುತ್ತದೆ. ಗೆಳೆಯ "ನಾನು ಎಲ್ಲಾ ಹಾಕ್ತೀನಿ" ಅಂದ ಅಂತ ನೀವೂ ಹಾಕಬೇಡಿ, ಒಂದೇ ಟೆಸ್ಟ್ ನೋಡಿಯೂ ತೀರ್ಮಾನಿಸಬೇಡಿ, ನಾಲ್ಕೈದು ಟೆಸ್ಟಿನ ಲೆಕ್ಕ ಸೇರಿಸಿ ನೋಡಿ.

ಸಿಇಟಿಗೆ ಈ ಲೆಕ್ಕವೇ ಬೇಡ. ಅಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, ಹಾಗಾಗಿ ಖಾಲಿ ಬಿಡುವುದೇ ತಪ್ಪು. ಕೊನೆಯ 3 ನಿಮಿಷ ಖಾಲಿ ಉಳಿದವಕ್ಕೆಂದೇ ಇಟ್ಟುಕೊಳ್ಳಿ. ಇಡೀ ವರ್ಷ ನೀಟ್ ತಯಾರಿ ಮಾಡಿ ಅದೇ ರೂಢಿಯಲ್ಲಿ ಸಿಇಟಿಯಲ್ಲೂ ಪ್ರಶ್ನೆ ಬಿಟ್ಟುಬರುವವರನ್ನು ಪ್ರತಿ ವರ್ಷ ನೋಡುತ್ತೇನೆ, ನಿಜಕ್ಕೂ ಹೊಟ್ಟೆ ಉರಿಯುತ್ತದೆ.

## ಈ ಲಕ್ಷಣ ಕಂಡರೆ ನಿಂತು ನೋಡಿ

ನೋಟ್‌ಬುಕ್ ಚಂದ ಆಗುತ್ತಿದೆ, ಟಿಕ್ ಬೀಳುತ್ತಿಲ್ಲ. ಅಂದರೆ ನೀವು ಬರೆಯುತ್ತಿದ್ದೀರಿ, ಬಿಡಿಸುತ್ತಿಲ್ಲ.

ಎಲ್ಲಾ ತಪ್ಪಿಗೂ "ಲೆ" ಅಂತಲೇ ಬರೆಯುತ್ತಿದ್ದೀರಿ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳಲು ಮನಸ್ಸು ಬರುತ್ತಿಲ್ಲ. ಪಕ್ಕದವರಿಗೆ ಆ ಪ್ರಶ್ನೆ ವಿವರಿಸಲು ಹೋಗಿ, ನಿಜ ಗೊತ್ತಾಗುತ್ತದೆ.

ಮಾರ್ಕ್ಸ್ ಏರಿದೆ, ಆದರೆ ಸೊನ್ನೆ ಗುರುತಿನವು ಸರಿಯಾದದ್ದರಿಂದ ಏರಿದೆ. ಅದು ಮುಂದಿನ ವಾರ ಇಳಿಯುತ್ತದೆ, ಈಗಲೇ ಸಿದ್ಧರಾಗಿರಿ.

ಟೆಸ್ಟ್ ಮುಗಿದ ಮೇಲೆ ಪ್ರಶ್ನೆಪತ್ರಿಕೆ ಮುಟ್ಟಲೇ ಮನಸ್ಸಿಲ್ಲ, ಊಟ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ಆಗ ಈ ಎಲ್ಲಾ ಹಂತಗಳನ್ನೂ ಒಂದೆರಡು ದಿನ ಬದಿಗಿಡಿ, ಮನೆಯವರ ಹತ್ತಿರ ಮಾತಾಡಿ. ಮನಸ್ಸು ಆಮೇಲೂ ಭಾರವಾಗಿಯೇ ಇದ್ದರೆ 14416 ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲದೆ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯವರಿಗೂ ಒಂದು ಮಾತು. ಟೆಸ್ಟ್ ಬರೆದು ಬಂದ ಮಗಳಿಗೆ "ಎಷ್ಟು ಬಂತವ್ವ" ಅಂತ ಕೇಳುವ ಬದಲು "ಈ ವಾರ ಯಾವ ತಪ್ಪು ತಿದ್ದಿದಿ" ಅಂತ ಕೇಳಿ. ಮಾರ್ಕ್ಸ್‌ಗೆ ಬೈಸಿಕೊಳ್ಳುವ ಮಕ್ಕಳು ತಪ್ಪನ್ನು ಮುಚ್ಚಿಡುವುದನ್ನೇ ಮೊದಲು ಕಲಿಯುತ್ತಾರೆ.

## ಕೊನೆಯ ಮೂರು ವಾರ

ಹೊಸ ಚಾಪ್ಟರ್ ಬೇಡ. ಹೊಡೆದುಹಾಕದೇ ಉಳಿದ ಪ್ರಶ್ನೆಗಳು ಮಾತ್ರ, ಅದರಲ್ಲೂ ಕೆಂಪು ಪೆನ್ನಿನಲ್ಲಿ ಸುತ್ತಿದವು ಮೊದಲು.

ನೀಟ್ ಮಧ್ಯಾಹ್ನ 2ರಿಂದ 5, ಅದೂ ಮೇ ತಿಂಗಳ ಶುರುವಿನಲ್ಲಿ. ಕಲಬುರಗಿಯಲ್ಲಿ ಆಗ 40 ಡಿಗ್ರಿ ದಾಟಿರುತ್ತದೆ. ಬೆಳಿಗ್ಗೆ ತಂಪಿನಲ್ಲಿ ಬರೆದ ಮಾಕ್ ಟೆಸ್ಟಿನಲ್ಲಿ ಕಾಣದ ತಪ್ಪುಗಳು ಆ ಹೊತ್ತಿನಲ್ಲಿ ಕಾಣುತ್ತವೆ, ಕೊನೆಯ ಒಂದು ಗಂಟೆ ಕಣ್ಣು ಎಳೆಯುತ್ತದೆ, ಲೆಕ್ಕದ ತಪ್ಪು ಏರುತ್ತದೆ. ಹಾಗಾಗಿ ಈ ಮೂರು ವಾರದ ಟೆಸ್ಟ್‌ಗಳನ್ನು ಅದೇ 2ರಿಂದ 5ರ ಹೊತ್ತಿನಲ್ಲಿ, ಊಟ ಮಾಡಿ, ಕೂಲರ್ ಇಲ್ಲದ ಕೋಣೆಯಲ್ಲಿ ಬರೆಯಿರಿ. ನೀರು ಹತ್ತಿರ ಇರಲಿ. ಹೊಟ್ಟೆ ತುಂಬಾ ರೊಟ್ಟಿ-ಅನ್ನ ಉಂಡು ಕೂತರೆ ಎಷ್ಟು ತಪ್ಪು, ಹಗುರಾಗಿ ಉಂಡು ಕೂತರೆ ಎಷ್ಟು ಅಂತಲೂ ಬರೆದಿಡಿ. ಒಂದು ಗಂಟೆಯಿಂದ ಇನ್ನೊಂದು ಗಂಟೆಗೆ ತಪ್ಪು ಹೇಗೆ ಏರಿತು ಅಂತ ನೋಡಿ, ಲೆಕ್ಕ ಜಾಸ್ತಿ ಇರುವ ಭೌತಶಾಸ್ತ್ರವನ್ನು ಯಾವಾಗ ಹಿಡಿಯಬೇಕು ಅಂತ ತೀರ್ಮಾನಿಸಿ.

ಸಿಇಟಿ ಬೇರೆ ಬೇರೆ ಪತ್ರಿಕೆಗಳಾಗಿ ನಡೆಯುತ್ತದೆ. ಬೆಳಗಿನದು ಮುಗಿಸಿ ಮಧ್ಯಾಹ್ನದ್ದಕ್ಕೆ ಕಾಯುವಾಗ ಮರದ ಕೆಳಗೆ ಕೂತು ಉತ್ತರ ತಾಳೆ ನೋಡುವುದು ಖಂಡಿತಾ ಬೇಡ. ಬುತ್ತಿ ಬಿಚ್ಚಿ ಉಣ್ಣಿ, ನೋಟ್‌ಬುಕ್ಕಿನಲ್ಲಿ ಮಧ್ಯಾಹ್ನದ ವಿಷಯದ ಕೆಂಪು ಸುತ್ತುಗಳನ್ನು ಮಾತ್ರ ನೋಡಿ. ಪ್ರಶ್ನೆಪತ್ರಿಕೆಗಳನ್ನು ಒಂದು ಫೈಲಿನಲ್ಲಿ ಹಾಕಿಡಿ. ಎಲ್ಲಾ ಮುಗಿದ ಮೇಲೆ ಸಿಇಟಿ ನಡೆಸುವ ಪ್ರಾಧಿಕಾರವಾದ ಕೆಇಎ ತಾತ್ಕಾಲಿಕ ಕೀ ಬಿಟ್ಟು ಆಕ್ಷೇಪಣೆ ಸಲ್ಲಿಸಲು ದಿನ ಕೊಡುತ್ತದೆ, ನೀಟ್‌ನಲ್ಲೂ ಹಾಗೇ. ಕೀ ತಪ್ಪು ಅಂತ ಅನ್ನಿಸಿದ ಪ್ರಶ್ನೆಗೆ ಪುಸ್ತಕದ ಪುಟದ ಫೋಟೋ ತೆಗೆದಿಟ್ಟುಕೊಂಡು, ಕೊನೇ ದಿನದ ತನಕ ಕಾಯದೆ ಸಲ್ಲಿಸಿ.